ಪಿಂಕ್ ಫ್ಲಾಯ್ಡ್ ಮುಗೀತು, ಮುಂದೆ?

ಧರ್ಮಸ್ಥಳದ ಲಕ್ಷದೀಪೋತ್ಸವದ ವರದಿ ಮುಗಿಸಿ ಹೊರಟಿದ್ದೆ. ಕಾಲೇಜು ಹುಡುಗನೊಬ್ಬ ಅಡ್ಡ ಬಂದ. "ಪಿಂಕ್ ಫ್ಲಾಯ್ಡ್ ಎಲ್ಲ ಕೇಳಿ ಆಯ್ತು ಸರ್. ಅದೇ ನಮೂನೆಯ ಬ್ಯಾಂಡ್ ಬೇರೆ ಯಾವುದುಂಟು?"

ನೋಡಿ, 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆ ತಂಡವೇ ಮೊದಲಿನ ಹಾಗೆ ಉಳಿಯಲಿಲ್ಲ. ಹಾಡು ಕಟ್ಟುತ್ತಿದ್ದ ಸಿಡ್ ಬ್ಯಾರೆಟ್‌ನ ಮನಸ್ಸು ಕೈಕೊಟ್ಟಿತು. 1968ರಲ್ಲಿ ಗೆಳೆಯರು ಅವನನ್ನು ಬಿಟ್ಟು ಮುಂದೆ ಹೋದರು. 1975ರಲ್ಲಿ 'ವಿಶ್ ಯು ವರ್ ಹಿಯರ್' ಆಲ್ಬಂನಲ್ಲಿ ಅವನನ್ನೇ ನೆನೆದು ಹಾಡು ಮಾಡುತ್ತಿದ್ದಾಗ, ತಲೆ ಬೋಳಿಸಿಕೊಂಡ ದಪ್ಪನೆಯ ಮನುಷ್ಯನೊಬ್ಬ ಸ್ಟುಡಿಯೋಗೆ ಬಂದ. ಬ್ಯಾರೆಟ್! ಯಾರಿಗೂ ತಕ್ಷಣ ಗುರುತೇ ಸಿಗಲಿಲ್ಲ. ಅಂಥ ಗಿಟಾರ್ ಬೇರೆ ಕಡೆ ಸಿಗಬಹುದು, ಆ ಸಂಕಟ ಎಲ್ಲಿಂದ ತರ್ತೀರಿ?

ಆದರೂ ಹೇಳಿದೆ. ಕಿಂಗ್ ಕ್ರಿಮ್ಸನ್ ಕೇಳು, 1969ರ ಮೊದಲ ಆಲ್ಬಂನಿಂದ ಶುರುಮಾಡು. ಆಮೇಲೆ ಕ್ಯಾಮೆಲ್. ಹತ್ತಿರದಲ್ಲೇ ಬೇಕಾ? ಕೊಚ್ಚಿಯ ಮದರ್‌ಜೇನ್ ತಂಡದ 2008ರ 'ಮಕ್ತೂಬ್' ಇದೆ. ಬೈಜು ಧರ್ಮಜನ್ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕ ಕೇಳಿಸುತ್ತೆ. ಬೆಂಗಳೂರಿನ ಅಗಂ ತಂಡ ಕೃತಿಗಳನ್ನೇ ರಾಕ್‌ಗೆ ತಂದಿದೆ.

"'ಎಕೋಸ್' ಹಾಡು 23 ನಿಮಿಷ ಸರ್, ಮನೆಯಲ್ಲಿ ಬೈತಾರೆ" ಅಂದ. ನನಗೆ ನಗು ಬಂತು. ಧರ್ಮಸ್ಥಳ ಮೇಳದ ಆಟಕ್ಕೆ ಚೆಂಡೆ-ಮದ್ದಳೆ ಕೇಳುತ್ತಾ ಬೆಳಗಿನವರೆಗೆ ಕೂತಿದ್ದ ಊರಪ್ಪಾ ಇದು!

"ಅಜ್ಜ ಕೂತಿದ್ದರು ಸರ್," ಅಂದವನೇ ಮೊಬೈಲ್ ತೆಗೆದು ಹೆಸರುಗಳನ್ನು ಬರೆದುಕೊಂಡ.