ದೊರೆ ಬಂಗಲೆಯ ಹಿಂಬಾಗಿಲು

ಶುಕ್ರವಾರ ಸಂಜೆ ಬೆಂಗಳೂರಿನ ಅರೆಕೆರೆ ಸಿಗ್ನಲ್ ದಾಟಿ ನೈಸ್ ರಸ್ತೆಯತ್ತ ಹೊರಡುವ ಕಾರುಗಳಲ್ಲಿ ಒಂದಷ್ಟು ಕೊಡಗಿಗೆ, ಇನ್ನೊಂದಷ್ಟು ಸಕಲೇಶಪುರ, ಚಿಕ್ಕಮಗಳೂರಿಗೆ. ಕೆಲವರು ಹುಡುಕಿ ಕಾದಿರಿಸಿರುವುದು ನೂರು ವರ್ಷ ದಾಟಿದ ಕಾಫಿ ತೋಟದ ಬಂಗಲೆ. ಒಂದು ಕಾಲಕ್ಕೆ ತೋಟದ ಬಿಳಿಯ ದೊರೆ ವಾಸವಿದ್ದ ಮನೆ.

ಕಾಫಿಯನ್ನು ಇಲ್ಲಿಗೆ ತಂದವರು ಆ ದೊರೆಗಳಲ್ಲ. ಬಾಬಾಬುಡನ್‌ಗಿರಿಯ ಹಿತ್ತಿಲುಗಳಲ್ಲಿ ಗಿಡ ಮೊದಲೇ ಇತ್ತು. 1830ರ ಸುಮಾರಿಗೆ ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಬಳಿ ದೊಡ್ಡ ತೋಟ ಮಾಡಿದ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಸೇರಿತು. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯ ಹತ್ತಿರ ಕಾಡು ಕಡಿಸಿದ. ಸಕಲೇಶಪುರದ ಬಳಿಯ ಮಂಜರಾಬಾದಿಗೆ ಬಂದ ರಾಬರ್ಟ್ ಎಲಿಯಟ್ ತನ್ನ ಅನುಭವವನ್ನು 1894ರಲ್ಲಿ ಪುಸ್ತಕವನ್ನಾಗಿಯೇ ಅಚ್ಚು ಹಾಕಿಸಿದ.

ಬಂಗಲೆಗಳು ಎದ್ದದ್ದು ತೋಟ ಫಲ ಕೊಟ್ಟಮೇಲೆ. ಎತ್ತರದ ದಿಣ್ಣೆ, ದಪ್ಪ ಗೋಡೆ, ಮಳೆ ಒಳಗೆ ಇರಚದಂತೆ ಅಗಲ ಜಗಲಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಮೇಲೆ ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಬೆಂಕಿಯ ಭಯಕ್ಕೆ ಅಡುಗೆಮನೆ ದೂರದಲ್ಲಿ. ಬಚ್ಚಲುಮನೆಗೆ ಹೊರಗಿನಿಂದ ಬೇರೆಯದೇ ಒಂದು ಕಿರುಬಾಗಿಲು. ಬಿಸಿನೀರು ಹೊರುವವನೂ ಮಲ ಎತ್ತುವವನೂ ಒಳಮನೆ ತುಳಿಯದೆ ಬಂದುಹೋಗುತ್ತಿದ್ದುದು ಅಲ್ಲಿಂದ. ನವೀಕರಿಸಿದ ಬಂಗಲೆಯಲ್ಲಿ ಈಗ ಅಲ್ಲಿ ಗಾಜಿನ ಷವರ್ ಇರಬಹುದು. ಗೋಡೆಯಲ್ಲಿ ಮುಚ್ಚಿದ ಚೌಕಟ್ಟಿನ ಗುರುತು ಕಂಡರೆ ಅದು ಆ ಬಾಗಿಲೇ ಇದ್ದೀತು.

ಕೊರಕ ಹುಳು, ಎಲೆ ತುಕ್ಕು, ಬ್ರೆಜಿಲ್‌ ಕಾಫಿಯ ಅಗ್ಗದ ಪೈಪೋಟಿ ಸೇರಿ ಎಷ್ಟೋ ದೊರೆಗಳನ್ನು ಮುಳುಗಿಸಿದವು. ಉಳಿದವರಲ್ಲೂ ಹಲವರು ಸ್ವಾತಂತ್ರ್ಯದ ನಂತರ ತೋಟ ಮಾರಿ ಹಡಗು ಹತ್ತಿದರು. ಕೊಡಗಿನ ಪಾಲಿಬೆಟ್ಟದ ಕನ್ಸಾಲಿಡೇಟೆಡ್ ಕಾಫಿ ಕಂಪನಿ 1991ರಲ್ಲಿ ಟಾಟಾ ಪಾಲಾಯಿತು.

ಈ ಬಂಗಲೆಗಳ ಬಾಗಿಲನ್ನು ಅತಿಥಿಗೆ ತೆರೆಸಿದ್ದು ಇತಿಹಾಸದ ಮೇಲಿನ ಅಕ್ಕರೆಗಿಂತ ಕಾಫಿಯ ಬೆಲೆ ಎನ್ನಬೇಕು. ಬೆಳೆಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸುವ ಪದ್ಧತಿ 1990ರ ದಶಕದಲ್ಲಿ ಹೋಯಿತು. ಹೊಸ ಶತಮಾನದ ಹೊಸ್ತಿಲಲ್ಲಿ ಬೆಲೆ ಕುಸಿಯಿತು. ಖಾಲಿ ಕೋಣೆ ಬಾಡಿಗೆ ತರುವುದಾದರೆ ಹೆಂಚು ಬದಲಿಸಲು ಬೆಳೆಗಾರನಿಗೂ ಧೈರ್ಯ. ಸಣ್ಣ ತೋಟದವರು ಹೋಂಸ್ಟೇ ಮಾಡಿದರು. ಟಾಟಾದವರು ಪಾಲಿಬೆಟ್ಟದ ಸುತ್ತಿನ ಬಂಗಲೆಗಳನ್ನು ಅತಿಥಿಗೃಹ ಮಾಡಿದರು. ಅವು ಈಗ 'ಆಮಾ' ಹೆಸರಿನಲ್ಲಿ ನಡೆಯುತ್ತಿವೆ.

ಇಂಥ ಬಂಗಲೆಗಳ ಊಟದ ಮನೆಯ ಗೋಡೆಯಲ್ಲಿ ಸಾಮಾನ್ಯವಾಗಿ ದೊರೆಯ ಫೋಟೋ, ಬೇಟೆಯ ಕೊಂಬು. ಆಳು ಕರೆತರುವ ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಕಟ್ಟುಬಿದ್ದು ಬಯಲುಸೀಮೆಯಿಂದ, ತುಳುನಾಡಿನಿಂದ, ಮಲಬಾರಿನಿಂದ ಘಟ್ಟ ಹತ್ತಿದ ಕೂಲಿಯಾಳುಗಳ ಸುಳಿವು ಅಲ್ಲಿ ಸಿಗುವುದು ಕಷ್ಟ. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟವನನ್ನು ಜೈಲಿಗೆ ಕಳಿಸುವ 1859ರ ಕಾಯ್ದೆ ರದ್ದಾದದ್ದು 1925ರಲ್ಲಿ. ಆ ಆಳುಗಳ ಹೆಸರುಗಳಿದ್ದದ್ದು ತೋಟದ ರೈಟರ್ ಬರೆಯುತ್ತಿದ್ದ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ. ಹಳೆಯ ಚೆಕ್‌ರೋಲ್ ಉಳಿದಿರುವ ತೋಟಗಳು ಅದನ್ನು ಕೊಂಬಿನ ಪಕ್ಕದಲ್ಲೇ ಇಡಬಹುದು. ಅತಿಥಿಗಳಲ್ಲಿ ಯಾರಾದರೊಬ್ಬರು ತಮ್ಮ ಅಜ್ಜನ ಊರನ್ನು ಅದರಲ್ಲಿ ಹುಡುಕಿಯಾರು.