ಕೊಪ್ಪಳ ಸೀಮೆಯ ಕದಗಳೂ ಬೀಗಗಳೂ

ಮಳೆಗಾಲ ಮೊದಲಾದೊಡನೆ ಕದವು ಬಿಗಿಯುತ್ತದೆ. ಬೇಸಗೆಯಲ್ಲಿ ಅದೇ ಕದ ಸಡಿಲವಾಗಿ, ಬೀಗದ ನಾಲಗೆ ತನ್ನ ಗುಳಿಯನ್ನು ಸೇರದೆ ಹೋಗುತ್ತದೆ. ಆಗ ನಾವು ಬೀಗವನ್ನು ಹಳಿದು ಹೊಸದೊಂದನ್ನು ಕೊಂಡುತರುತ್ತೇವೆ. ಆದರೆ ದೋಷವು ಬಹುಮಟ್ಟಿಗೆ ಬೀಗದ್ದಲ್ಲ, ಕದದ್ದು. ಆ ದೋಷವು ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ಬಾಗಿಲಿನ ಇತಿಹಾಸವನ್ನು ಸ್ವಲ್ಪ ನೋಡಬೇಕು. ಅದಕ್ಕೆ ಕೊಪ್ಪಳ ಸೀಮೆಯಷ್ಟು ಅನುಕೂಲವಾದ ಪ್ರದೇಶ ವಿರಳ.

ಕುಕನೂರಿಗೆ ಸಮೀಪದ ಇಟಗಿಯಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವುಂಟು. ಆ ಕಾಲದ ಶಿಲಾದ್ವಾರಗಳು ಉಳಿದುವು. ಮರದ ಕದಗಳು ಕಾಲಕ್ಕೆ ತುತ್ತಾದುವು. ಆದರೂ ಕದ ನಿಲ್ಲುತ್ತಿದ್ದ ಬಗೆಯನ್ನು ಕಲ್ಲು ಮರೆತಿಲ್ಲ. ನಮ್ಮ ಹಳೆಯ ಗುಡಿಗಳ, ಕೋಟೆಗಳ ಬಾಗಿಲುಗಳಲ್ಲಿ ಹೊಸ್ತಿಲಿನ ಮೂಲೆಯಲ್ಲಿಯೂ ಅದಕ್ಕೆ ನೇರವಾಗಿ ಮೇಲಣ ತೊಲೆಯಲ್ಲಿಯೂ ಗುಂಡನೆಯ ಗುಳಿಗಳು ಕಾಣುತ್ತವೆ. ಕದದ ಒಂದು ಅಂಚಿನಲ್ಲಿ ಕೆಳಗೂ ಮೇಲೂ ಬಿಟ್ಟಿದ್ದ ಗೂಟಗಳು ಈ ಗುಳಿಗಳಲ್ಲಿ ಕುಳಿತು ತಿರುಗುತ್ತಿದ್ದುವು. ಕದದ ಭಾರವೆಲ್ಲ ಕೆಳಗಿನ ಕಲ್ಲಿನ ಮೇಲೆಯೇ ಬೀಳುತ್ತಿದ್ದಿತು. ಆದುದರಿಂದ ಅದು ಸವೆಯುತ್ತಿದ್ದಿತೇ ಹೊರತು ಸುಲಭವಾಗಿ ಜೋಲುತ್ತಿರಲಿಲ್ಲ.

ಮುಚ್ಚುವ ಕ್ರಮವೂ ಇದಕ್ಕೆ ತಕ್ಕುದಾಗಿದ್ದಿತು. ಕೊಪ್ಪಳದ ಕೋಟೆಯನ್ನು ನೆನೆಯಿರಿ. 1786ರಲ್ಲಿ ಪಾಳೆಯಗಾರನಿಂದ ಅದನ್ನು ಪಡೆದ ಟಿಪ್ಪು ಸುಲ್ತಾನನು ಫ್ರೆಂಚ್ ಇಂಜಿನಿಯರರ ನೆರವಿನಿಂದ ಕೆಳಕೋಟೆಯನ್ನು ಹೊಸದಾಗಿ ಕಟ್ಟಿಸಿದನು. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯಗಳು ಮುತ್ತಿಗೆ ಹಾಕಿದಾಗ ಅದು ಸುಮಾರು ಆರು ತಿಂಗಳು ಎದುರುನಿಂತಿತು. ಅಂಥ ಕೋಟೆಗಳ ಹೆಬ್ಬಾಗಿಲನ್ನು ಕಾಯುತ್ತಿದ್ದುದು ಬೀಗವಲ್ಲ, ಅಗುಳಿ. ಕದಗಳ ಹಿಂದೆ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಸರಿಯುವ ದಪ್ಪ ತೊಲೆಯದು. ಕದ ಎರಡು ಬೆರಳು ಕುಸಿದರೂ ಅಗುಳಿಗೆ ಬಾಧಕವಿಲ್ಲ. ಮನೆಗಳ ಚಿಲಕ, ಕೊಂಡಿ, ತೂಗುಬೀಗಗಳಿಗೂ ಇಂಥ ಸೈರಣೆಯೇ ಇದ್ದಿತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸ್ಥಿತಿ ಬದಲಾಗುತ್ತ ಬಂದಿತು. ಅಮೆರಿಕದ ಕಿರಿಯ ಲೈನಸ್ ಯೇಲನು ಸಣ್ಣ ಗೂಟಗಳ ಬೀಗಕ್ಕೆ 1861ರಲ್ಲಿ ಹಕ್ಕುಪತ್ರ ಪಡೆದನು; ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೆಜರು 1897ರಲ್ಲಿ ಬೀಗಗಳ ತಯಾರಿಕೆಯನ್ನು ಆರಂಭಿಸಿದರು. ಗದಗು-ಹೊಸಪೇಟೆ ರೈಲುಹಾದಿ ಕೊಪ್ಪಳವನ್ನು ದೂರದ ಪೇಟೆಗಳಿಗೆ ಸೇರಿಸಿತು. ಕಲ್ಲಗುಳಿಯ ಬದಲು ಕಬ್ಬಿಣದ ಬಿಜಾಗರಿ ಬಂದಿತು. ಕದವು ನೆಲದ ಮೇಲೆ ನಿಲ್ಲುವುದನ್ನು ಬಿಟ್ಟು ಚೌಕಟ್ಟಿಗೆ ನೇತುಬಿದ್ದಿತು. ಕದದೊಳಗೆ ಹುದುಗಿದ ಬೀಗದ ನಾಲಗೆಗೆ ಚೌಕಟ್ಟಿನಲ್ಲಿ ದೊರೆತುದು ಸಣ್ಣದೊಂದು ಗುಳಿ ಮಾತ್ರ. ಕೂದಲೆಳೆಯಷ್ಟು ಕುಸಿದರೂ ಅದು ತಪ್ಪುತ್ತದೆ.

ಮರವೋ ಸುಮ್ಮನಿರುವ ವಸ್ತುವಲ್ಲ. ಬೇವಾಗಲಿ ತೇಗವಾಗಲಿ, ತೇವ ಹೀರಿದಾಗ ಅಗಲದಲ್ಲಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಬಹುತೇಕ ಬದಲಾಗುವುದಿಲ್ಲ. ಇದನ್ನರಿತ ಬಡಿಗರು ಹಲಗೆಯನ್ನು ಚೌಕದ ತೋಡಿನಲ್ಲಿ ಬಿಗಿಯದೆ ಸಡಿಲವಾಗಿ ಕೂರಿಸುತ್ತಿದ್ದರು. ಯಲಬುರ್ಗಾ ಕಡೆಯ ಎರೆನೆಲವೂ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ, ತಳಪಾಯ ಸಾಲದ ಮನೆಯಲ್ಲಿ ಚೌಕಟ್ಟೇ ವಾಲುವುದುಂಟು.

ಹೀಗಿರಲು, ಪರಿಹಾರವನ್ನು ಕ್ರಮವಾಗಿ ಹುಡುಕಬೇಕು. ಮೊದಲು ತೂಕದ ಗುಂಡು ಬಿಟ್ಟು ಚೌಕಟ್ಟು ನೆಟ್ಟಗಿದೆಯೇ ನೋಡಿರಿ. ಕದದ ತೆರೆಯುವ ಮೂಲೆ ಹೊಸ್ತಿಲನ್ನು ಉಜ್ಜುತ್ತಿದ್ದರೆ ಮೇಲಿನ ಬಿಜಾಗರಿ ಸಡಿಲವಾಗಿರುವುದು ಸಾಮಾನ್ಯ; ತಿರುಪುಮೊಳೆ ತೆಗೆದು, ರಂಧ್ರಕ್ಕೆ ಅಂಟು ಸವರಿದ ಒಣಮರದ ಬೆಣೆ ಬಡಿದು, ಅದು ಒಣಗಿದ ಮೇಲೆ ಮತ್ತೆ ಮೊಳೆ ತಿರುಗಿಸಬೇಕು. ಅನಂತರ ಬೀಗದ ನಾಲಗೆಗೆ ಸುಣ್ಣದ ಪುಡಿ ಹಚ್ಚಿ ಕದ ಮುಚ್ಚಿದರೆ ಅದು ತಾಗುವ ಸ್ಥಳ ತಿಳಿಯುತ್ತದೆ; ಗುಳಿಯ ತಗಡನ್ನು ಅಷ್ಟುಮಾತ್ರ ಅರದಿಂದ ಉಜ್ಜಿದರೆ ಸಾಕು. ಉಬ್ಬಿದ ಕದವನ್ನು ಮಳೆಗಾಲದಲ್ಲಿ ಹೆರೆಯಬಾರದು. ಆಗ ಹೆರೆದರೆ ಬೇಸಗೆಯಲ್ಲಿ ಸಂದು ಬೀಳುತ್ತದೆ. ಒಣಗಿದ ಮೇಲೆ ಬೇಕಾದಷ್ಟೇ ಹೆರೆದು, ಕೆಳಗಿನ ಅಂಚಿಗೂ ತಪ್ಪದೆ ಬಣ್ಣ ಬಳಿಯಬೇಕು. ನೀರು ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ. ಬೀಗದ ಕಿಂಡಿಗೆ ಅಡಿಗೆಯೆಣ್ಣೆ ಸಲ್ಲದು, ಅದು ಧೂಳನ್ನು ಹಿಡಿದು ಗಟ್ಟಿಯಾಗುತ್ತದೆ; ಪೆನ್ಸಿಲಿನ ಕರಿಪುಡಿ ಲೇಸು.

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಮರದ ಪುಡಿಗೆ ಹುಣಿಸೆಬೀಜದ ಅಂಟು ಮೊದಲಾದುವನ್ನು ಕಲಸಿ ಸಿದ್ಧಪಡಿಸುವ ಕಿಟ್ಟದಿಂದ ಗೊಂಬೆಗಳಿಗೆ ರೂಪು ತುಂಬುತ್ತಾರೆ. ಮರದ ಕೊರತೆಯನ್ನು ಮರದಿಂದಲೇ ತುಂಬುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹಳೆಯ ಮನೆ ಕೆಡಹುವಾಗ ಅದರ ಕದವನ್ನು ಸೌದೆಯ ಬೆಲೆಗೆ ಮಾರುವವರು ಒಮ್ಮೆ ಒಳ್ಳೆಯ ಬಡಿಗನನ್ನು ಕರೆದು ತೋರಿಸಲಿ. ಹಲವು ವೇಳೆ ಅದಕ್ಕೆ ಬೇಕಾಗಿರುವುದು ಒಂದು ಬೆಣೆ, ಎರಡು ತಿರುಪುಮೊಳೆ, ಅರ್ಧ ದಿನದ ಕೂಲಿ ಮಾತ್ರ. ಅಂಥ ಬಡಿಗನಿಗೆ ಕೆಲಸ ದೊರೆತರೆ ಕದವೂ ಉಳಿಯುತ್ತದೆ, ಕದ ಮಾಡುವ ವಿದ್ಯೆಯೂ ಉಳಿಯುತ್ತದೆ.