ಹಳೆಯ ಟ್ಯಾಂಕಿಗೆ ಹೊಸ ಫಿರಂಗಿ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಷರ್ಮನ್ ಟ್ಯಾಂಕುಗಳು ಎಷ್ಟೋ ಕಡೆ ಗುಜರಿ ಸೇರಿದವು. ಅಂಥವನ್ನೇ ಆಯ್ದು ತಂದು ತನ್ನ ಟ್ಯಾಂಕ್ ಪಡೆ ಕಟ್ಟಿಕೊಂಡ ದೇಶ ಇಸ್ರೇಲ್. ಕೈಯಲ್ಲಿ ಹಣವಿರಲಿಲ್ಲ; ಇದ್ದರೂ ಹೊಸದನ್ನು ಮಾರುವವರು ಸಿಗುವುದು ಕಷ್ಟವಿತ್ತು. 1955ರಲ್ಲಿ ಈಜಿಪ್ಟಿಗೆ ಸೋವಿಯತ್ ಬಣದ ಶಸ್ತ್ರಾಸ್ತ್ರ ಬರತೊಡಗಿದಾಗ ಇಸ್ರೇಲ್ ಫ್ರಾನ್ಸಿನ ನೆರವು ಪಡೆದು, ಎಎಂಎಕ್ಸ್-13 ಟ್ಯಾಂಕಿನ 75 ಮಿ.ಮೀ. ಫಿರಂಗಿಯನ್ನು ಷರ್ಮನ್ನಿಗೆ ಕೂರಿಸಿತು. ಮುಂದೆ 1960ರ ದಶಕದಲ್ಲಿ ಅದೇ ಒಡಲಿಗೆ 105 ಮಿ.ಮೀ. ಫಿರಂಗಿಯೂ ಬಂತು. ಗುಂಡು ಹಾರಿದಾಗಿನ ಅದರ ಹಿಂದೊದೆತವನ್ನು ಹಳೆಯ ಟ್ಯಾಂಕ್ ತಾಳಲಾರದೆಂದು ನಳಿಗೆಯನ್ನು ಮೊಟಕುಗೊಳಿಸಿದರು, ಪೆಟ್ರೋಲ್ ಎಂಜಿನ್ ತೆಗೆದು 460 ಅಶ್ವಶಕ್ತಿಯ ಕಮಿನ್ಸ್ ಡೀಸೆಲ್ ಎಂಜಿನ್ ಇಟ್ಟರು. ತೆಳುವಾದ ಕವಚವನ್ನು ಮಾತ್ರ ದಪ್ಪವಾಗಿಸುವ ದಾರಿ ಇರಲಿಲ್ಲ. ಏನನ್ನು ಬದಲಿಸಬಹುದು, ಏನನ್ನು ಬದಲಿಸಲಾಗದು ಎಂಬುದನ್ನು ಮೊದಲೇ ತೂಗಿ ನೋಡಿದ್ದರಿಂದಲೇ ಈ ಕೆಲಸ ಕೈಗೂಡಿತು. ಹಳೆಯ ಟ್ಯಾಂಕನ್ನು ಸುಧಾರಿಸುವುದು ಬಡವರ ಅನಿವಾರ್ಯ ಮಾತ್ರವಲ್ಲ, ಲೆಕ್ಕ ಸರಿಯಿದ್ದರೆ ಅದೇ ಜಾಣ ಆಯ್ಕೆ ಎನ್ನುವುದು ನನ್ನ ವಾದ.

ಇದಕ್ಕೆ ಬಲವಾದ ಸಾಕ್ಷಿ ಬ್ರಿಟನ್ನಿನ ಸೆಂಚೂರಿಯನ್. 1945ರಲ್ಲಿ ರೂಪುಗೊಂಡ ಈ ಟ್ಯಾಂಕಿನ ಕವಚ ಗಟ್ಟಿ, ಒಡಲು ವಿಶಾಲ. ಬ್ರಿಟಿಷರು ತಮ್ಮ 105 ಮಿ.ಮೀ. ಎಲ್7 ಫಿರಂಗಿಯನ್ನು ಹಳೆಯ ಫಿರಂಗಿಯ ಜಾಗದಲ್ಲೇ ಕೂರುವಂತೆ ರೂಪಿಸಿದ್ದರಿಂದ ಅದನ್ನು ಬದಲಿಸುವುದು ಸುಲಭವಾಯಿತು. ಕಾಡುತ್ತಿದ್ದದ್ದು ಎಂಜಿನ್: ಪೆಟ್ರೋಲ್ ಕುಡಿಯುವ ಮೀಟಿಯರ್ ಎಂಜಿನ್ ಟ್ಯಾಂಕನ್ನು ಹೆಚ್ಚು ದೂರ ಒಯ್ಯುತ್ತಿರಲಿಲ್ಲ, ಬೇಗ ಬಿಸಿಯೇರುತ್ತಿತ್ತು. 1970ರ ಸುಮಾರಿಗೆ ಇಸ್ರೇಲ್ ತನ್ನ ಸೆಂಚೂರಿಯನ್‌ಗಳಲ್ಲಿ ಅದರ ಬದಲು ಅಮೆರಿಕದ 750 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಮತ್ತು ಹೊಸ ಗೇರ್‌ಬಾಕ್ಸ್ ಅಳವಡಿಸಿತು. ತನ್ನ ಪ್ಯಾಟನ್ ಟ್ಯಾಂಕುಗಳಲ್ಲೂ ಅದೇ ಎಂಜಿನ್ ಇದ್ದುದರಿಂದ ಬಿಡಿಭಾಗ, ಇಂಧನ, ಮೆಕ್ಯಾನಿಕ್‌ಗಳ ತರಬೇತಿ ಎಲ್ಲವೂ ಒಂದಾದವು. ಯುದ್ಧದ ನಡುವೆ ಕೆಟ್ಟು ನಿಂತ ಟ್ಯಾಂಕನ್ನು ರಾತ್ರೋರಾತ್ರಿ ರಿಪೇರಿ ಮಾಡಿ ಕಳಿಸಬೇಕಾದ ಸೈನ್ಯಕ್ಕೆ ಇದಕ್ಕಿಂತ ದೊಡ್ಡ ಉಳಿತಾಯವಿಲ್ಲ.

ಯಂತ್ರ ಬದಲಾದರೆ ಸಾಲದು ಎನ್ನುವುದನ್ನು ನಾನು ಒಪ್ಪುತ್ತೇನೆ. 1964ರ ನವೆಂಬರ್‌ನಲ್ಲಿ ಸಿರಿಯಾದ ಗಡಿಯ ನುಖೈಲಾದಲ್ಲಿ ಇಸ್ರೇಲಿನ ಸೆಂಚೂರಿಯನ್‌ಗಳು ಶೆಲ್ ಮೇಲೆ ಶೆಲ್ ಹಾರಿಸಿದರೂ ಎದುರಿನ ಒಂದು ಟ್ಯಾಂಕನ್ನೂ ಕೆಡವಲಿಲ್ಲ. ಆಗಷ್ಟೇ ಟ್ಯಾಂಕ್ ಪಡೆಯ ಮುಖ್ಯಸ್ಥರಾಗಿದ್ದ ಇಸ್ರೇಲ್ ತಾಲ್ ತಪ್ಪನ್ನು ಟ್ಯಾಂಕಿನ ತಲೆಗೆ ಕಟ್ಟಲಿಲ್ಲ. ನಿರ್ವಹಣೆಯನ್ನೂ ದೂರದ ಗುರಿಗೆ ಹೊಡೆಯುವ ಅಭ್ಯಾಸವನ್ನೂ ಕಟ್ಟುನಿಟ್ಟು ಮಾಡಿದರು. ಅದರ ಫಲ 1973ರ ಅಕ್ಟೋಬರ್ ಯುದ್ಧದಲ್ಲಿ ಗೋಲನ್ ಬೆಟ್ಟಗಳ ಮೇಲೆ ಕಂಡಿತು. ಸುಮಾರು 1,400 ಸಿರಿಯನ್ ಟ್ಯಾಂಕುಗಳ ಎದುರು ಆರಂಭದಲ್ಲಿ ಇದ್ದದ್ದು 180ರಷ್ಟು ಸೆಂಚೂರಿಯನ್‌ಗಳು. ಸಿರಿಯಾದ ಬಳಿಯಿದ್ದ ಸೋವಿಯತ್ ಟಿ-62 ವಯಸ್ಸಿನಲ್ಲಿ ಕಿರಿಯದು, ಅದರ 115 ಮಿ.ಮೀ. ಫಿರಂಗಿ ಹೆಚ್ಚು ದಪ್ಪನೆಯದು. ಆದರೆ ಸೆಂಚೂರಿಯನ್ ತನ್ನ ಫಿರಂಗಿಯನ್ನು 10 ಡಿಗ್ರಿಯವರೆಗೆ ಕೆಳಕ್ಕೆ ಬಾಗಿಸಬಲ್ಲದು. ಸೋವಿಯತ್ ಟ್ಯಾಂಕುಗಳಿಗೆ ಅಷ್ಟು ಸಾಧ್ಯವಿರಲಿಲ್ಲ. ದಿಬ್ಬದ ಮರೆಯಲ್ಲಿ ನಿಂತು ಗೋಪುರವನ್ನಷ್ಟೇ ತೋರಿಸಿ ಹೊಡೆಯಲು ಇದರಿಂದ ಆಯಿತು.

ಅದೇ ಯುದ್ಧದಲ್ಲಿ ಸಿನಾಯ್ ಮರಳುಗಾಡಿನಲ್ಲಿ ಈಜಿಪ್ಟಿನ ಕಾಲಾಳುಗಳು ಸ್ಯಾಗರ್ ಕ್ಷಿಪಣಿಗಳಿಂದ ಇಸ್ರೇಲಿ ಟ್ಯಾಂಕುಗಳನ್ನು ಸುಟ್ಟರಲ್ಲ ಎಂದು ಕೇಳುವವರಿದ್ದಾರೆ. ಸುಟ್ಟದ್ದು ನಿಜ. ಆದರೆ ಹೊಸದಾಗಿ ಕೊಂಡ ಎಂ-60 ಟ್ಯಾಂಕುಗಳೂ ಅಲ್ಲಿ ಉರಿದವು. ಕಾಲಾಳು ಮತ್ತು ಫಿರಂಗಿದಳದ ಜೊತೆಯಿಲ್ಲದೆ ಟ್ಯಾಂಕುಗಳನ್ನು ಒಂಟಿಯಾಗಿ ಮುಂದೆ ಬಿಟ್ಟ ತಪ್ಪಿಗೆ ಅವುಗಳ ವಯಸ್ಸನ್ನು ದೂರುವುದು ನ್ಯಾಯವಲ್ಲ. ತೇಪೆ ಹಾಕುತ್ತ ಕೂತ ದೇಶ ಸ್ವಂತ ಟ್ಯಾಂಕ್ ಕಟ್ಟುವುದನ್ನೇ ಮರೆಯುತ್ತದೆ ಎನ್ನುವ ಆಕ್ಷೇಪ ಇದಕ್ಕಿಂತ ಗಂಭೀರ. ಇಸ್ರೇಲಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1969ರಲ್ಲಿ ಬ್ರಿಟನ್ ಚೀಫ್ಟನ್ ಟ್ಯಾಂಕ್ ಮಾರಲು ನಿರಾಕರಿಸಿದ ಮೇಲೆ ತಾಲ್ ನೇತೃತ್ವದಲ್ಲಿ ರೂಪುಗೊಂಡು 1979ರಲ್ಲಿ ಸೇನೆ ಸೇರಿದ ಮೆರ್ಕಾವಾದಲ್ಲಿ ಇದ್ದದ್ದು ಎಲ್7 ವಂಶದ 105 ಮಿ.ಮೀ. ಫಿರಂಗಿ, ಸೆಂಚೂರಿಯನ್ನಿಗೆ ಹಾಕಿದ್ದ ಎಂಜಿನ್ನಿನದೇ ಬಲಿಷ್ಠ ರೂಪ. ಹಳೆಯದನ್ನು ಬಿಚ್ಚಿ ಜೋಡಿಸಿದ ಕೈಗಳಿಗೇ ಹೊಸದನ್ನು ಕಟ್ಟುವುದು ಬಂತು.

ಭಾರತವೂ ಇದೇ ದಾರಿಯಲ್ಲಿದೆ. 2025ರ ಮಾರ್ಚ್‌ನಲ್ಲಿ ನಮ್ಮ ರಕ್ಷಣಾ ಸಚಿವಾಲಯ ಟಿ-72 ಟ್ಯಾಂಕುಗಳ 780 ಅಶ್ವಶಕ್ತಿಯ ಎಂಜಿನ್ ಬದಲಿಸಿ 1,000 ಅಶ್ವಶಕ್ತಿಯದನ್ನು ಹಾಕಲು ರಷ್ಯಾದೊಂದಿಗೆ 24.8 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಚೆನ್ನೈ ಬಳಿಯ ಆವಡಿ ಕಾರ್ಖಾನೆಗೆ ತಂತ್ರಜ್ಞಾನವೂ ಬರಬೇಕು. ಇದು ಸರಿಯಾದ ಹೆಜ್ಜೆ, ಆದರೆ ಅರ್ಧ ಹೆಜ್ಜೆ. ಉಕ್ರೇನಿನಲ್ಲಿ ಟಿ-72ಗಳನ್ನು ಕೊಲ್ಲುತ್ತಿರುವುದು ನಿಧಾನಗತಿಯಲ್ಲ, ಮೇಲಿನಿಂದ ಎರಗುವ ಡ್ರೋನ್. ಅದರಿಂದ ಒಳಗಿನ ಮೂವರು ಸೈನಿಕರನ್ನು ಕಾಯುವ ವ್ಯವಸ್ಥೆಗೂ ಈಗಲೇ ಹಣ ತೆಗೆದಿಡಬೇಕು.